ಇಂದ್ರಮ್ಮನ ಬಾವಿ ಮತ್ತು ನಾಲ್ಕನೇ ಪೊರೆ

ಒಂಟಿ ಸಲಗವನ್ನು ಬೈದು ಓಡಿಸಿದವನು ನಾನು. ಹೆಗ್ಗದ್ದೆಯಲ್ಲಿ ಯಾರನ್ನಾದರೂ ಕೇಳಿ... ಆ ಆನೆಯೊಂದನ್ನು ಬಿಟ್ಟು. ಅದಕ್ಕೇ ಅಕ್ಕನ ಮಗಳು ಮಾನಸಳನ್ನು ರಾತ್ರಿ ಕೆಲಸದಿಂದ ಕರೆತರುವ ಹೊಣೆ ನನ್ನದು. ಅವಳು ಮುಂದೆ, ನಾನು ಹಿಂದೆ. ಕಾವಲಿನವನು ಹಿಂದೆಯೇ ಇರಬೇಕು ಕಣ್ರೀ.

ಅವಳ ಲ್ಯಾಬ್ ಇರುವುದು ಎಸ್ಟೇಟಿನ ಹಳೇ ಸ್ಟೋರಿನಲ್ಲಿ. ಕಾಫಿ ಬೀಜದ ಲೋಳೆ ಕರಗಿಸುವ ಪ್ರೋಟೀನನ್ನು ಬ್ಯಾಕ್ಟೀರಿಯಾಗಳಲ್ಲಿ ಬೆಳೆಸುತ್ತಾಳೆ. ಆಮೇಲೆ ಅವನ್ನು ಒಡೆದು, ಆ ರಾಡಿಯನ್ನು ತೆಳು ಪೊರೆಯಲ್ಲಿ ಸೋಸಬೇಕು. ಪ್ರೋಟೀನು ದಾಟುತ್ತದೆ, ಬ್ಯಾಕ್ಟೀರಿಯಾ ಒಂದೂ ದಾಟುವುದಿಲ್ಲ. ತೂತು ಅಷ್ಟು ಸಣ್ಣ. ಆ ವಾರ ಮೂರು ಪೊರೆ ಕಟ್ಟಿಕೊಂಡಿದ್ದವು. ಉಳಿದದ್ದು ಒಂದೇ. ಬೆಳಿಗ್ಗೆಯೊಳಗೆ ಸೋಸಿದ ತಿಳಿನೀರು ಒಂದು ಬಾಟಲಿ ಎಸ್ಟೇಟಿನವರಿಗೆ ಕೊಡದಿದ್ದರೆ ಎರಡು ವರ್ಷದ ಕೆಲಸಕ್ಕೆ ಬೀಗ.

ಆ ರಾತ್ರಿ ಬೇಗ ಮುಗಿಯಲೆಂದು ಅವಳು ವಾಲ್ವ್ ಬಿಗಿ ಮಾಡಿ ಒತ್ತಡ ಏರಿಸಿದಳು. ಟಪ್... ಟಪ್... ತೊಟ್ಟಿಕ್ಕುತ್ತಿದ್ದದ್ದು ನಿಂತೇ ಹೋಯಿತು. ಪಂಪು ಗೊರ್ರ್ ಅಂತು.

"ಇದೂ ಕಟ್ಕೊಂಡ್ಬುಡ್ತು. ಹಾಳಾಗ್ಹೋಗ್ಲಿ, ನಡಿ ಮಾವ."

ದಾರಿಯಲ್ಲಿ ಬಾವಿ. ಕಾಫಿ ತೊಳೆಯುತ್ತಿದ್ದ ಇಂದ್ರಮ್ಮ ಬಿದ್ದು ಸತ್ತ ಬಾವಿ. ಪಕ್ಕದ ಬೀಜ ತೊಳೆಯುವ ಕಾಲುವೆ ಪಾಳು ಬಿದ್ದು ಎಷ್ಟೋ ವರ್ಷ. ಅಲ್ಲಿಂದ...

ಸರ್ರ್... ಸರ್ರ್...

ಒದ್ದೆ ಬೀಜವನ್ನು ಮರದ ಹಲಗೆಯಲ್ಲಿ ಎಳೆದಾಡುವ ಸದ್ದು. ಕೊಯ್ಲೇ ಇಲ್ಲದ ಆಗಸ್ಟಿನಲ್ಲಿ ಯಾರು ಕಾಫಿ ತೊಳೀತಾರೆ ಮಾರಾಯರೇ? ಸದ್ದಿನ ಜೊತೆಗೇ ಒಂದು ಹೆಂಗಸಿನ ದನಿ.

"ಒತ್ಬ್ಯಾಡ ಮಗಾ... ಒತ್ತುದ್ರೆ ಲೋಳೆ ಕಟ್ಕಂತದೆ... ಮೇಲ್ಮೇಲೆ ಹರೀಲಿ ಬುಡು..."

ನನ್ನ ಕಾಲು ನೆಲಕ್ಕೆ ಊರಿಬಿಟ್ಟಿತು. ಧೈರ್ಯದಿಂದ. ಮಾನಸಳಿಗೆ ಮಾತ್ರ ರೇಗಿತು.

"ನಾಕು ಪೊರೆ ಹೋಯ್ತು! ಬುದ್ಧಿ ಹೇಳೋಕೆ ನೀನೊಬ್ಳು ಬಾಕಿ ಇದ್ದೆ!"

ಸದ್ದು ನಿಂತಿತು. ಅವಳೂ ನಿಂತಳು.

"ಮಾವ... ಅವ್ಳು ಹೇಳಿದ್ದು ಸರಿಯಾಗೇ ಐತೆ."

"ಯಾರು? ನಂಗೇನೂ ಕೇಳ್ಸಿಲ್ಲ. ಮನೇಗ್ ನಡಿಯೇ," ಪಿಸುಗುಟ್ಟಿದೆ.

ಅವಳು ಲ್ಯಾಬಿಗೇ ತಿರುಗಿದಳು. ನಾನೂ ಓಡಿದೆ. ಆಗೊಮ್ಮೆ ಮಾತ್ರ ಕಾವಲಿನವನು ಮುಂದೆ.

ಪೊರೆ ತೊಳೆದಳು. ವಾಲ್ವ್ ಸಡಿಲಿಸಿದಳು. ರಾಡಿ ಪೊರೆಯನ್ನು ಒತ್ತದೆ, ಅದರ ಮೇಲೆ ಸವರಿಕೊಂಡು ಹರಿದು ಸುತ್ತಿ ಬಂತು. ಟಪ್... ಟಪ್... ಮತ್ತೆ ನಿಲ್ಲಲಿಲ್ಲ. ಬೆಳಗಿನ ಜಾವಕ್ಕೆ ಬಾಟಲಿ ತುಂಬಿತು, ಎಳನೀರಿನಷ್ಟು ತಿಳಿ. ಮುಚ್ಚಳ ಅವಳೇ ಬಿಗಿದಳು.

ಆನೆಯ ವಿಷಯ ಒಂಚೂರು ಸೇರಿಸಿ ಹೇಳಿದೆ, ಒಪ್ಪಿದೆ. ಇದು ಮಾತ್ರ ಕಣ್ಣಾರೆ ಕಂಡದ್ದು. ಬ್ಯಾಕ್ಟೀರಿಯಾ ದಾಟದ ಪೊರೆಯ ಆಚೆ, ಬಿಗಿದ ಬಾಟಲಿಯ ತಳದಲ್ಲಿ, ಒಂದು ಕಾಫಿ ಬೀಜ ಇತ್ತು. ಈಗ ತಾನೇ ತೊಳೆದದ್ದು.