ಕೇಳದ ದನಿ

ಬಾಗಲಕೋಟೆಯ ಬಸ್‌ ನಿಲ್ದಾಣದಲ್ಲಿ ಪದ್ಮಶ್ರೀ ಕೂತ ಬೆಂಚಿನ ಮೇಲೆಯೇ ಇಬ್ಬರು ಹೆಂಗಸರಿದ್ದರು. ಚಿಕ್ಕವಳು ಮತ್ತೆ ಮತ್ತೆ ಫೋನು ನೋಡುತ್ತಿದ್ದಳು.

“ಮಾರಿ ಕಾಣದ ಹುಡಿಗಿ ಸಲುವಾಗಿ, ಮಗಳನ್ನ ಗಂಡನ ಮನಿಗೆ ಕಳಿಸಿದವರಂಗ ಕುಂತೀಯಲ್ಲ ಫರಹಾನಾ!”

“ಫೋನಿನ ಗ್ರೂಪಿನ್ಯಾಗ ‘ಸಾಯ್ತೇನಿ’ ಅಂತ ಬರದಿದ್ಲಕ್ಕಾ. ತನ್ನ ಅವ್ವನ ಮುಂದ ಹೇಳೋತನಕ ನಾ ಆಕಿನ್ನ ಬಿಡಲಿಲ್ಲ.”

“ಈಗ?”

“ದವಾಖಾನಿಗೆ ತೋರಿಸಿ ಆರಾಮ ಅದಾಳ. ಗ್ರೂಪೂ ಬಿಟ್ಲು. ಚಲೋನ ಆತು. ಒಮ್ಮೆ ದನಿ ಕೇಳಬೇಕಿತ್ತು.”

“ಆಕಿ ಊರು ಬಾದಾಮಿ ಅಲ್ಲೇನು? ಬಸ್ ನಿಂತೈತಿ ನೋಡು, ಹೋಗೂಣು ನಡಿ.”

“ಬ್ಯಾಡಕ್ಕಾ. ನನ್ನ ನೋಡಿದ್ರ ಆಕಿಗೆ ಆ ದಿನಾನ ನೆನಪಾಗ್ತೈತಿ.”

ಇಳಕಲ್ಲಿನ ಬಸ್ಸು ಬಂತು. ಇಬ್ಬರೂ ಹತ್ತಿದರು. ಅದು ತಿರುವು ದಾಟುವವರೆಗೂ ಫರಹಾನಾ ಕಿಟಕಿಯಿಂದ ಬಾದಾಮಿ ಬಸ್ಸನ್ನೇ ನೋಡುತ್ತಿದ್ದಳು. ಆ ಬಾದಾಮಿ ಬಸ್ಸಿಗೇ ಹೋಗಬೇಕಿದ್ದ ಪದ್ಮಶ್ರೀ, ಗ್ರೂಪಿನಲ್ಲಿ ಬರಿ ಅಕ್ಷರವಾಗಿ ಕಂಡಿದ್ದ ಫರಹಾನಾಳ ದನಿಯನ್ನು ಮೊದಲ ಸಲ ಕೇಳಿದವಳು, ಅಲ್ಲಿಯವರೆಗೂ ಬೆಂಚಿನಿಂದ ಏಳಲಿಲ್ಲ.