ಕೊನೆಯವನಿಗೆ ಮೈಕು

ಇವತ್ತಾದರೂ ಒಣಬಟ್ಟೆಯಲ್ಲಿ ಕಾಣಿಸಿಕೊಂಡಿರುವ ಮಾನ್ಯ ಅಧ್ಯಕ್ಷರೇ, ನಿನ್ನೆ ಬೆಟ್ಟದ ಬುಡದಲ್ಲಿ ಬಾವುಟ ಬೀಸಿ ಮರುಕ್ಷಣವೇ ಕಾರಿನೊಳಗೆ ಸೇರಿಕೊಂಡ ಮುಖ್ಯ ಅತಿಥಿಗಳೇ, ಪದಕ ಗೆದ್ದ ವೀರರೇ, ವೀರವನಿತೆಯರೇ, ಬರೀ ನೆಗಡಿ ಗೆದ್ದ ನನ್ನಂಥವರೇ, ನಮ್ಮೆಲ್ಲರ ಕೆಸರು ಬಟ್ಟೆ ಒಗೆದು ಇನ್ನೂ ಸಿಟ್ಟು ಇಳಿಯದ ಸಭಿಕರೇ,

ಮೊದಲಿಗೆ ಒಂದು ವಿನಂತಿ. ನಾನು ಈ ಮೇಜನ್ನು ಹಿಡಿದುಕೊಂಡು ನಿಂತಿರುವುದು ಗತ್ತಿಗಲ್ಲ. ಕೈ ಬಿಟ್ಟರೆ ಕೂತುಬಿಡುತ್ತೇನೆ, ಕೂತರೆ ಏಳಿಸಲು ಜನ ಬೇಕಾಗುತ್ತದೆ. ಬೆಟ್ಟ ಹತ್ತುವಾಗ ತೊಡೆ ನೋಯುತ್ತದೆ, ಇಳಿಯುವಾಗ ಮಂಡಿ ನೋಯುತ್ತದೆ ಎಂದು ಎಲ್ಲರೂ ಹೇಳಿದ್ದರು. ಮಾರನೆಯ ದಿನ ಈ ವೇದಿಕೆಯ ಮೆಟ್ಟಿಲು ಹತ್ತುವಾಗ ಎರಡೂ ಒಟ್ಟಿಗೆ ನೋಯುತ್ತವೆ ಎಂದು ಯಾರೂ ಹೇಳಲಿಲ್ಲ.

ಹೊಸಬರಿಗಾಗಿ ನಮ್ಮ ಓಟದ ಸಂಘದ ಕಟ್ಟಳೆಯನ್ನು ತಿಳಿಸಬೇಕು. ಇಲ್ಲಿ ಗೆದ್ದವರಿಗೆ ಪದಕ, ಕೊನೆಗೆ ಬಂದವನಿಗೆ ಮೈಕು. ಗೆದ್ದವನ ಕೈಗೆ ಮೈಕು ಕೊಟ್ಟರೆ ಜಂಬ ಕೊಚ್ಚುತ್ತಾನೆ, ಸೋತವನ ಕೈಗೆ ಕೊಟ್ಟರೆ ನಾಲ್ಕು ಜನ ನಗುತ್ತಾರೆ ಎಂದು ಹಿರಿಯರು ಮಾಡಿದ ಏರ್ಪಾಡು ಇದು. ಈ ಭಯಕ್ಕೇ ಅಲ್ಲವೇ ನಮ್ಮಲ್ಲಿ ಕುಂಟುವವರೂ ಕೊನೆಯ ತಿರುವಿನಲ್ಲಿ ಜಿಂಕೆಗಳಾಗುವುದು? ನನಗಂತೂ ಬೆಟ್ಟಕ್ಕಿಂತ ಮೈಕಿನ ಭಯವೇ ಹೆಚ್ಚು. ನಾನು ದರ್ಜಿ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಬಾಳಿದವನು. ನಾನು ಬಾಯಿ ಬಿಟ್ಟರೆ ಸೂಜಿ ಬೀಳುತ್ತದೆಯೇ ಹೊರತು ಮಾತು ಬೀಳುವುದಿಲ್ಲ. ಅಂಥವನು ಬೇಕೆಂದೇ ಕೊನೆಯವನಾಗಿ ಬಂದೆ ಎಂದರೆ ನೀವು ನಂಬುತ್ತೀರಾ? ನಂಬುವುದಿಲ್ಲ. ನನ್ನ ಹೆಂಡತಿಯೇ ನಂಬಿಲ್ಲ.

ಕಥೆ ಶುರುವಾಗುವುದು ನನ್ನ ಷಡ್ಡಕರಿಂದ. ಮುಂದಿನ ಸಾಲಿನಲ್ಲಿ ಕೈಕಟ್ಟಿ ಕುಳಿತಿದ್ದಾರಲ್ಲ, ಅವರೇ. ಇಡೀ ಊರು ಅವರನ್ನು ವಿಸಿಲ್ ಮೇಷ್ಟ್ರು ಎಂದು ಕರೆಯುತ್ತದೆ. ನಿಮ್ಮಲ್ಲಿ ಅರ್ಧ ಜನ ಅವರ ಕೈಯಲ್ಲಿ ಡ್ರಿಲ್ ಕಲಿತವರು, ಉಳಿದರ್ಧ ಬೈಸಿಕೊಂಡವರು. ಅವರ ಮನೆಯವರು ಅಕ್ಕ, ನನ್ನ ಮನೆಯವಳು ತಂಗಿ. ಅವರು ದೊಡ್ಡ ಅಳಿಯ, ನಾನು ಚಿಕ್ಕ ಅಳಿಯ. ಚಿಕ್ಕ ಅಳಿಯನಾಗುವುದು ಎಂದರೇನು ಎಂಬುದು ಆದವರಿಗೇ ಗೊತ್ತು. ನಮ್ಮ ಅತ್ತೆಯವರು ಬದುಕಿದ್ದ ತನಕ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು: "ದೊಡ್ಡಳಿಯ ನಿಂತಲ್ಲಿ ನಿಲ್ಲಲ್ಲ. ಚಿಕ್ಕೋನು ಕೂತಲ್ಲೇ ಬೇರು ಬಿಟ್ಟಿದಾನೆ." ಬೇರು ಬಿಟ್ಟಿದ್ದೆನೇ ನಾನು? ಹೊಲಿಗೆ ಯಂತ್ರದ ಪೆಡಲಿನ ಮೇಲೆ ನನ್ನ ಕಾಲು ಎಷ್ಟು ಊರು ಸುತ್ತಿ ಬಂದಿದೆ, ಯಾರಾದರೂ ಲೆಕ್ಕ ಇಟ್ಟಿದ್ದಾರಾ? ಹೋಗಲಿ. ದೊಡ್ಡವರು ತೀರಿಕೊಂಡ ಮೇಲೆ ಅವರ ಮಾತಿಗೆ ಎದುರು ಹೇಳಬಾರದು.

ಹೋದ ವರ್ಷ ಮೇಷ್ಟ್ರ ಎದೆ ಸ್ವಲ್ಪ ಮುನಿಸಿಕೊಂಡಿತು. ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿದರು. ಹುಷಾರಾಗಿ ಬಂದವರು ಮಾಡಿದ ಮೊದಲ ಕೆಲಸ, ಬೆಟ್ಟದ ಓಟಕ್ಕೆ ಹೆಸರು ಕೊಟ್ಟಿದ್ದು. "ಓಡಬಹುದು, ಆದರೆ ನಿಧಾನವಾಗಿ" ಎಂದು ಡಾಕ್ಟರು ಹೇಳಿದರಂತೆ. ಮೇಷ್ಟ್ರಿಗೆ ಮೊದಲನೆಯ ಪದ ಮಾತ್ರ ಕೇಳಿಸಿತು.

ಆಗ ಒಂದು ಮಧ್ಯಾಹ್ನ ಅತ್ತಿಗೆ, ಅಂದರೆ ಮೇಷ್ಟ್ರ ಮನೆಯವರು, ನನ್ನ ಅಂಗಡಿಗೆ ಬಂದರು. ಕೈಯಲ್ಲಿ ಮೇಷ್ಟ್ರ ಪ್ಯಾಂಟು, ಬೆಲ್ಟು. "ಸೊಂಟ ಮೂರು ಇಂಚು ಹಿಡೀಬೇಕು" ಎಂದರು. ಅತ್ತಿಗೆಯವರ ಅಳತೆ ತಪ್ಪಿರಬೇಕು ಎಂದುಕೊಂಡು ಅವರು ತಂದಿದ್ದ ಬೆಲ್ಟಿಗೆ ಟೇಪು ಹಿಡಿದೆ. ಹೊಸದಾಗಿ ಮೊಳೆಯಲ್ಲಿ ಚುಚ್ಚಿದ ತೂತು ಕಾಣಿಸಿತು. ತಪ್ಪಿರಲಿಲ್ಲ. ಸಭಿಕರೇ, ಮೇಷ್ಟ್ರ ಮದುವೆಯ ಕೋಟನ್ನು ಬಿಟ್ಟರೆ ಉಳಿದದ್ದನ್ನೆಲ್ಲ ಹೊಲಿದವನು ನಾನು. ಆ ಸೊಂಟ ಎಂದೂ ಇಳಿದದ್ದಿಲ್ಲ. ಆಸ್ಪತ್ರೆಯಲ್ಲಿ ಅವರನ್ನು ನೋಡಿದಾಗಲೂ ಆಗದ ಗಾಬರಿ ನನಗೆ ಆ ಬೆಲ್ಟನ್ನು ನೋಡಿ ಆಯಿತು. ಅತ್ತಿಗೆ ಮೆಲ್ಲಗೆ ಹೇಳಿದರು: "ಅವರು ನನ್ನ ಮಾತು ಕೇಳಲ್ಲ. ನೀವೂ ಅವರ ಜೊತೆ ಓಡಿ. ಓಡಿ, ಆದ್ರೆ ಅವರನ್ನ ಓಡೋಕೆ ಬಿಡಬೇಡಿ. ನಾನು ಹೇಳಿದ್ದು ಅಂತ ಮಾತ್ರ ಗೊತ್ತಾಗಬಾರದು."

ಅಯ್ಯೋ. ಅತ್ತಿಗೆ, ತಪ್ಪಾಯಿತು. ನಾಲಿಗೆ ಜಾರಿತು. ಸೂಜಿ ಕಚ್ಚಿಕೊಂಡು ಬರಬೇಕಿತ್ತು.

ಇರಲಿ, ಹೇಳಿದ್ದು ಹೇಳಿಯಾಯಿತು. ಹೀಗೆ ಕೂತಲ್ಲೇ ಬೇರು ಬಿಟ್ಟವನು ಬೂಟು ಕೊಂಡೆ. ಬೆಳಿಗ್ಗೆ ಬೆಳಿಗ್ಗೆ ಓಡಿದೆ. ಬೀದಿನಾಯಿಗಳು ಮೊದಲು ಬೊಗಳಿದವು, ಆಮೇಲೆ ಅಯ್ಯೋ ಪಾಪ ಎಂದು ಬಿಟ್ಟವು. ಅರ್ಧ ಮ್ಯಾರಥಾನ್ ತಾನೇ ಎಂದು ಧೈರ್ಯ ತಂದುಕೊಂಡೆ. ಅದು ಅರ್ಧ ಎಂಬ ವಿಷಯ ಬೆಟ್ಟಕ್ಕೆ ಯಾರೂ ಹೇಳಿರಲಿಲ್ಲ. ನಿನ್ನೆಯ ಮಳೆಯನ್ನು ನೀವೂ ನೋಡಿದಿರಿ. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ. ನಿನ್ನೆ ಹತ್ತಿರದಿಂದಲೂ ನುಣ್ಣಗೇ ಇತ್ತು, ಕಾಲಿಟ್ಟಲ್ಲೆಲ್ಲ ಜಾರುತ್ತಿತ್ತು. ರಸ್ತೆಯ ಮೇಲೆ ನೀರು ಕೆಳಕ್ಕೆ ಓಡುತ್ತಿತ್ತು, ನಾವು ಮೇಲಕ್ಕೆ. ಇಬ್ಬರಲ್ಲಿ ಯಾರಿಗೆ ಬುದ್ಧಿ ಇತ್ತು ಎಂದು ಬೇರೆ ಹೇಳಬೇಕೇ?

ಮೊದಲ ಏರು ಬಂತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆ ನಮ್ಮಿಬ್ಬರನ್ನು ನೋಡಿಯೇ ಹುಟ್ಟಿರಬೇಕು. ಮೇಷ್ಟ್ರು ಉಸಿರು ಬಿಗಿದು ಏರತೊಡಗಿದರು. ನಾನು ಬೂಟಿನ ಲೇಸು ಬಿಚ್ಚಿ, "ಮೇಷ್ಟ್ರೇ, ಒಂದ್ನಿಮಿಷ" ಎಂದೆ. ನಿಂತರು. ಮುಂದಿನ ತಿರುವಿನಲ್ಲಿ ಇನ್ನೊಂದು ಲೇಸು ಬಿಚ್ಚಿದೆ. "ದರ್ಜಿ ಅಂತೀಯ, ಒಂದು ಗಂಟು ಹಾಕೋಕೆ ಬರಲ್ವೇನಯ್ಯಾ?" ಎಂದು ಗದರಿಸಿದರು. ಗದರಿಸಿದರು, ಆದರೆ ನಿಂತರು. ಆಮೇಲೆ ಪಕ್ಕೆ ಹಿಡಿಯಿತು ಎಂದೆ. ಕಣ್ಣಿಗೆ ಕಸ ಬಿತ್ತು ಎಂದೆ. ಸ್ವಾಮಿ, ಅಂಥ ಮಳೆಯಲ್ಲಿ ಕಣ್ಣಿಗೆ ಯಾವ ಕಸ ಬೀಳುತ್ತದೆ? ಪ್ರಾರ್ಥನೆಗೆ ತಡವಾಗಿ ಬಂದ ಮಗುವನ್ನೂ ಬಿಡದ ಮನುಷ್ಯ, ಪ್ರತಿ ಸಲವೂ ನಿಂತು ಕಾದರು. ಅಷ್ಟು ಹೊತ್ತಿಗೆ ಎಲ್ಲರೂ ನಮ್ಮನ್ನು ದಾಟಿ ಹೋಗಿದ್ದರು. ಹಿಂದೆ ಆಂಬುಲೆನ್ಸ್ ಒಂದೇ, ಹಸಿದ ಬೆಕ್ಕಿನ ಹಾಗೆ ಮೆಲ್ಲಗೆ ಬರುತ್ತಿತ್ತು.

ಬೆಟ್ಟದ ತುದಿಯಲ್ಲಿ ತಗಡಿನ ಚಪ್ಪರದ ಕೆಳಗೆ ನೀರು ಕೊಡುತ್ತಿದ್ದರಲ್ಲ, ಅಲ್ಲಿಗೆ ತಲುಪಿ ಮತ್ತೆ ಲೇಸಿಗೆ ಕೈ ಹಾಕಿದೆ. ಮೇಷ್ಟ್ರು ಬೆಂಚಿನ ಮೇಲೆ ಕುಳಿತು ಹೇಳಿದರು:

"ಸಾಕು ಬಿಡಯ್ಯಾ, ಆ ಲೇಸಿಗೂ ಬೇಜಾರಾಗಿದೆ. ಪ್ಯಾಂಟು ಹಿಡಿಯೋಕೆ ಅವಳಿಗೇ ಬರುತ್ತೆ. ಎರಡು ಬಸ್ಸು ಬದಲಾಯಿಸ್ಕೊಂಡು ನಿನ್ನಂಗಡಿಗೆ ಯಾಕೆ ಬರ್ತಾಳೆ?"

"ಗೊತ್ತಿತ್ತಾ? ಮತ್ತೆ ಯಾಕೆ ಸುಮ್ನಿದ್ರಿ?"

ಮೇಷ್ಟ್ರು ನೀರಿನ ಲೋಟ ಕೆಳಗಿಟ್ಟರು. ತಗಡಿನ ಮೇಲೆ ಮಳೆ ಹೊಯ್ಯುತ್ತಿತ್ತು. ಆಮೇಲೆ ಹೇಳಿದರು: "ನಿಲ್ಲೋದು ನನಗೇ ಬೇಕಾಗಿತ್ತು. ನಾನಾಗೇ ನಿಂತ್ರೆ ಹೆದರಿದ ಅಂತಾರೆ. ನಿನ್ನ ಲೇಸು ಬಿಚ್ಕೊಂಡ್ರೆ, ಪಾಪ, ಷಡ್ಡಕನಿಗೋಸ್ಕರ ನಿಂತ ಅಂತಾರೆ."

"ಹೆದರಿಕೆ ಆಗುತ್ತಾ ಮೇಷ್ಟ್ರೇ?"

"ಆಗುತ್ತೆ. ಮನೆ ಮೆಟ್ಟಿಲು ಹತ್ತುವಾಗಲೂ ಆಗುತ್ತೆ."

"ಮತ್ತೆ ಓಡೋಕೆ ಯಾಕೆ ಬಂದ್ರಿ?"

"ಮನೇಲಿ ಕೂತ್ರೆ ಇನ್ನೂ ಜಾಸ್ತಿ ಆಗುತ್ತಯ್ಯಾ."

ಇದನ್ನು ಹೇಳಬಾರದಿತ್ತೇನೋ. ಮೇಷ್ಟ್ರು ಈಗ ಚಾವಣಿಯ ಫ್ಯಾನು ನೋಡುತ್ತಿದ್ದಾರೆ. ಆದರೆ ಮೇಷ್ಟ್ರೇ, ಈ ಸಭಾಂಗಣದಲ್ಲಿ ಹೆದರದವರು ಯಾರಿದ್ದಾರೆ, ಹೇಳಿ? ಹೆದರಿಕೊಂಡೇ ಬೆಟ್ಟ ಹತ್ತಿದವರು ನೀವೊಬ್ಬರೇ. ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ನನಗೆ ನಿಮ್ಮನ್ನು ಕಂಡರೆ ಹೊಟ್ಟೆಕಿಚ್ಚು, ಅದು ಎಲ್ಲರಿಗೂ ಗೊತ್ತು. ಆದರೆ ನೀವಿಲ್ಲದೆ ಹೋದರೆ ನಮ್ಮ ಮನೆಯಲ್ಲಿ ನನ್ನನ್ನು ಯಾರಿಗೆ ಹೋಲಿಸಿ ಬೈಯುತ್ತಾರೆ? ನನಗೆ ಅಣ್ಣನಿಲ್ಲ. ಆ ಜಾಗದಲ್ಲಿ ಇದ್ದವರು ನೀವೇ ಎಂದು ಬೆಲ್ಟಿನ ತೂತು ನೋಡಿದ ದಿನ ನನಗೆ ಅರಿವಾಯಿತು. ಷಡ್ಡಕ ಎಂದು ಇಷ್ಟು ವರ್ಷ ಬಾಯಲ್ಲಿ ಕರೆದೆ, ಅಷ್ಟೇ.

ಆಮೇಲೆ ನಾಟಕವಿಲ್ಲದೆ, ಸುಸ್ತಾದಲ್ಲಿ ನಿಂತು, ಕೈ ಹಿಡಿದುಕೊಂಡು ಇಳಿದೆವು. ಒಮ್ಮೆ ನಾನು ಜಾರಿದೆ, ಅವರು ಹಿಡಿದರು. ಒಮ್ಮೆ ಅವರು ಜಾರಿದರು, ಇಬ್ಬರೂ ಬಿದ್ದೆವು. ಮುಗಿಯುವ ಗೆರೆ ಕಾಣಿಸಿತು. ಕೊಡೆ ಹಿಡಿದು ನಿಂತ ಅಕ್ಕತಂಗಿಯರೂ ಕಾಣಿಸಿದರು. ಆಗ ಮೇಷ್ಟ್ರು ನನ್ನ ಬೆನ್ನಿಗೆ ಕೈಯಿಟ್ಟು, "ನೀನು ಮುಂದೆ ಹೋಗು. ನಾಳೆ ಮಾತಾಡೋ ಶಿಕ್ಷೆ ನನಗಿರಲಿ. ನಿನಗೆ ಬರಲ್ಲ, ನನಗೆ ಇಷ್ಟ" ಎಂದರು.

ಎಂಥ ಅವಕಾಶ! ಒಂದೇ ಹೆಜ್ಜೆಗೆ ಎರಡು ಹಕ್ಕಿ: ಮೈಕು ತಪ್ಪುತ್ತದೆ, ಜೀವಮಾನದಲ್ಲಿ ಒಮ್ಮೆಯಾದರೂ ದೊಡ್ಡಳಿಯನನ್ನು ಸೋಲಿಸಿದ ಹಾಗಾಗುತ್ತದೆ. ಆದರೆ ನಾನು ಮುಂದೆ ಹೋದರೆ ಅವರು ನನ್ನ ಕಣ್ಣಿಗೆ ಕಾಣುವುದಿಲ್ಲವಲ್ಲ? ಬೆನ್ನ ಹಿಂದೆ ಅವರಿಗೆ ಏನಾದರೂ ಆದರೆ? "ಆಗಲ್ಲ ಮೇಷ್ಟ್ರೇ, ನೀವು ನಡೀರಿ, ನಾನು ನೋಡ್ತಿರ್ತೀನಿ" ಎಂದೆ. ಅವರು ಬೈದರು. ನಾನು ಜಗ್ಗಲಿಲ್ಲ. ಕೊನೆಗೆ ಅವರು ನಡೆದರು. ಮಳೆಯಲ್ಲಿ ಅವರ ಒದ್ದೆ ಬೆನ್ನು ಆ ಬಿಳಿ ಗೆರೆಯನ್ನು ದಾಟಿದ್ದನ್ನು ಕಣ್ಣಾರೆ ಕಂಡ ಮೇಲೆಯೇ ನಾನು ಕಾಲಿಟ್ಟೆ. ಅಳುತ್ತಿದ್ದೆ. ಕಣ್ಣಿಗೆ ಕಸ ಬಿದ್ದಿರಲಿಲ್ಲ.

ಕಟ್ಟಳೆಯ ಪ್ರಕಾರ ಮಾತಾಡಿದ್ದೇನೆ. ಸಂಘಕ್ಕೆ, ನೀರು ಕೊಟ್ಟವರಿಗೆ, ಕೆಲಸವಿಲ್ಲದೆ ಖಾಲಿ ವಾಪಸು ಹೋದ ಆಂಬುಲೆನ್ಸಿನವರಿಗೆ ಮನಸಾರೆ ಧನ್ಯವಾದ. ಅತ್ತಿಗೆ, ನಿನ್ನೆ ನಿಮಗೆ ಹೇಳಬೇಕಾಗಿದ್ದ ಒಂದು ಮಾತು ಉಳಿದಿದೆ. ಈಗ ಹೇಳುತ್ತೇನೆ. ನೀವು ಒಪ್ಪಿಸಿದವರನ್ನು ಹಾಗೆಯೇ ತಂದು ಒಪ್ಪಿಸಿದ್ದೇನೆ. ಸ್ವಲ್ಪ ನೆಂದಿದ್ದರು, ಅಷ್ಟೇ.

ಎಲ್ಲರಿಗೂ ನಮಸ್ಕಾರ. ಯಾರಾದರೂ ಬಂದು ನನ್ನನ್ನು ಈ ಮೆಟ್ಟಿಲಿಳಿಸಿ. ಬೇಡ, ಬೇಡ, ಮೇಷ್ಟ್ರು ಎದ್ದಿದ್ದಾರೆ. ನಿಧಾನ, ಮೇಷ್ಟ್ರೇ. ನಾನು ಕಾಯುತ್ತೇನೆ.