ಅಥೆನ್ಸಿನ ಕಡೆ ಹೋದ ಮಾಸ್ತರು

ಪೊಲೀಸ್ ಆ್ಯಕ್ಷನ್ ಆಗಿ ಹೈದರಾಬಾದು ಭಾರತಕ್ಕೆ ಸೇರಿದ ಮರುವರ್ಷ, ಸಂತಪುರದಲ್ಲಿ ಬೀದರಿನ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಇತಿಹಾಸದ ಮಾಸ್ತರು, ಅವರ ಹೆಂಡತಿ. ಆಕೆ ಗಂಡನನ್ನು ಕೇಳಿದರು:

"ನಿನ್ನಿ ಸಾಲಿ ಚರ್ಚಾದಾಗ ಗ್ರೀಕರ ಯಾವ ಊರಿನ ಕಡಿ ಮಾತಾಡಿದ್ರಿ?"

"ಅಥೆನ್ಸ್ ಕಡಿ."

"ಹತ್ತು ವರ್ಷ ಮನ್ಯಾಗ ಸ್ಪಾರ್ಟಾ, ಸ್ಪಾರ್ಟಾ ಅಂತಿದ್ರಿ. ಏನ್ ಶಿಸ್ತು, ಏನ್ ಹಿಮ್ಮತ್ತು ಅಂತ."

"ನಿಜಾಮರ ಕಾಲ ಮುಗೀತು. ಅಥೆನ್ಸಿನಾಗ ಮಂದೀನೇ ರಾಜ್ಯ ನಡಸ್ತಿದ್ರು."

"ಹೊಸಾ ಟೀಚರ್ ಅಂಜನಾಬಾಯಿ ಯಾವ ಕಡಿ ಇದ್ರು?"

ಮಾಸ್ತರು ಬಿಚ್ಚಿದ ಕೊಡೆ ಮಡಿಚಿದರು.

"ಅಥೆನ್ಸ್."

"ಅವೆರಡೂ ಊರು ಬಡದಾಡಿದಾಗ ಆಖರಿಗಿ ಗೆದ್ದೋರು ಯಾರ್‍ರಿ?"

"ಸ್ಪಾರ್ಟಾ."

ಬಸ್ಸು ಬಂತು. ಆಕೆ ಬುತ್ತಿಗಂಟು ಎತ್ತಿಕೊಂಡು ಹೆಂಗಸರ ಸೀಟಿನತ್ತ ನಡೆದರು.

"ರೊಟ್ಟಿ ಸ್ಪಾರ್ಟಾದಾಗ ಅವ. ನೀವು ಅಥೆನ್ಸಿನಾಗ ಉಣ್ರಿ."